ಉರ್ವ ಚಿಲಿಂಬಿಯಿಂದ ಶೇಡಿಗುಡ್ಡೆಗೆ

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅಲ್ಲಿ ನಾಟಕ ನೋಡಿ ಹೊರಬರುವ ಎಷ್ಟೋ ಮಂದಿಗೆ ಅವರು ಯಾರೆಂದು ತಿಳಿಯದು. ನಮ್ಮ ವಿದ್ಯಾರ್ಥಿನಿಲಯದ ಮಕ್ಕಳಿಗಾದರೂ ತಿಳಿದಿರಲಿ ಎಂದು ಈ ಸಂಚಿಕೆಗೆ ಬರೆಯುತ್ತಿದ್ದೇನೆ.

1859ರಲ್ಲಿ ಹುಟ್ಟಿದ ರಂಗರಾಯರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗೆ ಕಾಸರಗೋಡಿನ ಕಡೆಯಿಂದ ಮಂಗಳೂರಿಗೆ ಬಂದವರು. ಮೊದಲು ಮೇಷ್ಟ್ರು, ಆಮೇಲೆ ವಕೀಲರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ವಿರೋಧ ಎದ್ದು ಶಾಲೆ ಜಾಗ ಬದಲಿಸಬೇಕಾಯಿತು. ಅವರ ಸ್ವಂತ ಸಾರಸ್ವತ ಸಮಾಜ ಬಹಿಷ್ಕಾರ ಹಾಕಿತು. ಅವರು ಬಿಡಲಿಲ್ಲ. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಕೊಡಿಯಾಲಬೈಲಿನ ಶೇಡಿಗುಡ್ಡೆ ಅದರ ನೆಲೆಯಾಯಿತು.

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬಂದು ಕೂರುವುದಿಲ್ಲವೆಂಬುದು ರಂಗರಾಯರಿಗೆ ಬೇಗ ಅರ್ಥವಾಯಿತು. ಕೂಲಿಗೆ ಹೋಗುವ ಮಗು ಪಾಠಕ್ಕೆ ಕೂತರೆ ಆ ದಿನ ಮನೆಯ ಗಂಜಿಗೆ ಕುತ್ತು. ಹಾಗಾಗಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದರು. ಬಂದ ಮಕ್ಕಳ ಕೈಗೆ ಪುಡಿಗಾಸನ್ನೂ ಕೊಟ್ಟರು. ದೂರದವರಿಗೆ ಉಳಿಯಲು ನೆಲೆ ಮಾಡಿದರು. ಓದಿದ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರವಾಗಿ ಕೈಮಗ್ಗ ಇಟ್ಟು ನೇಯ್ಗೆ ಕಲಿಸಿದರು. ಸೂರಿಲ್ಲದ ಕುಟುಂಬಗಳಿಗೆ ಜಾಗ ಕೊಡಿಸಿದರು. ನೆರವೆಂದರೆ ಪುಸ್ತಕ, ಸಮವಸ್ತ್ರ ಹಂಚುವುದಷ್ಟೇ ಎಂದುಕೊಂಡಿರುವ ನಾವು ಇದನ್ನು ನಿಧಾನವಾಗಿ ಓದಬೇಕು. ಹಸಿವು, ಸೂರು, ಅಕ್ಷರ, ಉದ್ಯೋಗ ನಾಲ್ಕೂ ಒಂದೇ ಹಗ್ಗದ ಎಳೆಗಳು. ಒಂದು ಸಡಿಲಾದರೂ ಮಗು ಮತ್ತೆ ಕೂಲಿಗೇ ಮರಳುತ್ತದೆ. ನಮ್ಮ ನಿಲಯದಲ್ಲೂ ಹಾಗೆ ಮರಳಿದವರಿದ್ದಾರೆ. ಅವರ ಮುಖಗಳನ್ನು ನಾನು ಮರೆತಿಲ್ಲ.

ರಂಗರಾಯರು ಮಗಳು ರಾಧಾಬಾಯಿಗೆ ಅಂತರ್ಜಾತಿ ವಿವಾಹ ಮಾಡಿಸಿದರು. ಕೊನೆಗಾಲದಲ್ಲಿ ಸನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ, ಅಸ್ಪೃಶ್ಯತೆಯ ವಿರುದ್ಧದ ಕೆಲಸದಲ್ಲಿ ರಂಗರಾಯರು ತಮಗೆ ಗುರು ಎಂದು ನೆನೆದರು.

ಬಾಬುಗುಡ್ಡೆಯಲ್ಲಿ ರಂಗರಾಯರ ಸಮಾಧಿಯಿದೆ. ಅದರ ಮೇಲೆ ಅವರ ಆಸೆಯನ್ನು ಬರೆದಿದ್ದಾರೆ. ತಮ್ಮ ಶಾಲೆಯಲ್ಲಿ ಓದಿದ ದಲಿತರ ಮಗು ಸರ್ಕಾರಿ ಹುದ್ದೆಗೇರಿ, ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರೆಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಮೇಲ್ಜಾತಿಯವರು ಎದುರಾದರೆ ಆ ಮಕ್ಕಳ ಅಪ್ಪಂದಿರು ಅದೇ ರಸ್ತೆ ಬಿಟ್ಟು ಬದಿಗೆ ಸರಿಯಬೇಕಾಗಿದ್ದ ಕಾಲವದು.