ಕಬ್ಬಿಣಕ್ಕೆ ಒದಗಿದ ಸಂಗಾತಿ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯ ಕಡೆಗೆ ಹೋಗುವವರು ‘ಕವಿಕಾ’ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಕರ್ನಾಟಕ ವಿದ್ಯುತ್ ಕಾರ್ಖಾನೆ ಎಂಬುದರ ಹ್ರಸ್ವರೂಪ ಅದು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ ಎಂದು ಆರಂಭಿಸಿದ ಈ ಸಂಸ್ಥೆ 1976ರಲ್ಲಿ ಈ ಹೆಸರನ್ನು ತಳೆಯಿತು. ಅದರ ಮುಖ್ಯ ತಯಾರಿಕೆ ಟ್ರಾನ್ಸ್‌ಫಾರ್ಮರು. ಆ ಯಂತ್ರದ ಒಡಲಲ್ಲಿ ಅಡಗಿರುವ ಲೋಹದ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ವಿದ್ಯುತ್ತು ದೂರ ಸಾಗಲು ವೋಲ್ಟೇಜನ್ನು ಏರಿಸಬೇಕು. ಮನೆಯನ್ನು ಹೊಗುವಾಗ ಇಳಿಸಬೇಕು. ಅದಕ್ಕೆ ನೆರವಾಗುವುದು ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು. ಇಂದಿನ ವ್ಯವಸ್ಥೆಯಲ್ಲಿ ಆ ತಿರುಳಿನ ಕಾಂತತೆ ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಕೊಂಚ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ರಾಜಾಜಿನಗರದ ಮನೆಗಳ ದೀಪಗಳೆಲ್ಲ ಆರಿದ ಮೇಲೂ ಈ ಸೋರಿಕೆ ನಿಲ್ಲದು.

ಇದಕ್ಕೆ ಮದ್ದು ದೊರೆತದ್ದು ಮರಳಿನ ಮೂಲಧಾತುವಾದ ಸಿಲಿಕಾನಿನಲ್ಲಿ. ಅದನ್ನು ಬೆರೆಸಿದ ಕಬ್ಬಿಣದ ಕಾಂತಗುಣಗಳನ್ನು 1900ರಲ್ಲಿ ಬ್ಯಾರೆಟ್, ಬ್ರೌನ್, ಹ್ಯಾಡ್‌ಫೀಲ್ಡ್ ಎಂಬ ಮೂವರು ಪ್ರಕಟಿಸಿದರು. ನೂರಕ್ಕೆ ಸುಮಾರು ಮೂರು ಪಾಲು ಸಿಲಿಕಾನ್ ಸೇರಿದರೆ ಲೋಹದ ವಿದ್ಯುತ್‌ರೋಧ ಹಲವು ಪಟ್ಟು ಹೆಚ್ಚಿ, ಸುಳಿಪ್ರವಾಹಗಳು ಕುಗ್ಗುತ್ತವೆ. ಹೆಚ್ಚಾದರೆ ಲೋಹ ಪೆಡಸಾಗಿ ಒಡೆಯುತ್ತದೆ. 1934ರಲ್ಲಿ ನಾರ್ಮನ್ ಗಾಸ್ ಅಮೆರಿಕೆಯಲ್ಲಿ ಪೇಟೆಂಟ್ ಪಡೆದ ವಿಧಾನವು ತಗಡಿನ ಹರಳುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ನಷ್ಟವನ್ನು ಇನ್ನಷ್ಟು ತಗ್ಗಿಸಿತು.

ಅಲ್ಲಿಯವರೆಗೆ ಹರಳುಗಳ ಶಿಸ್ತೇ ಗುರಿಯಾಗಿತ್ತು. 1960ರಲ್ಲಿ ಪೋಲ್ ದ್ಯುವೆಜ್ ಮತ್ತು ಸಂಗಡಿಗರು ಕರಗಿದ ಚಿನ್ನ-ಸಿಲಿಕಾನ್ ಮಿಶ್ರಣವನ್ನು ಥಟ್ಟನೆ ತಣಿಸಿ, ಹರಳೇ ಇಲ್ಲದ ಲೋಹವನ್ನು ಪಡೆದರು. ನಮ್ಮ ಅಡುಗೆಮನೆಯಲ್ಲಿ ಬೆಲ್ಲದ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಹರಳಾಗಲು ಬಿಡುವಿಲ್ಲದೆ ಗಾಜಿನಂತೆ ಗಟ್ಟಿಯಾಗುವುದಿಲ್ಲವೆ? ಹಾಗೆಯೇ ಇದೂ. ಇಂಥ ಸ್ಥಿತಿ ಶಾಶ್ವತವಲ್ಲ. ಸಾಕಷ್ಟು ಕಾಯಿಸಿದರೆ ಹರಳುಗಟ್ಟುತ್ತದೆ. ಆದರೂ ಬಳಕೆಯಲ್ಲಿ ವರ್ಷಾನುಗಟ್ಟಲೆ ಬಾಳುತ್ತದೆ. ಮುಂದೆ ಕಬ್ಬಿಣ, ಬೋರಾನ್, ಸಿಲಿಕಾನ್‌ಗಳಿಂದ ಇಂಥದೇ ಪಟ್ಟಿಗಳು ಬಂದವು. ದಪ್ಪ ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು. ಅವುಗಳ ತಿರುಳಿನಲ್ಲಿ ನಷ್ಟ ಹಿಂದಿನದರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಅದಕ್ಕಿಂತಲೂ ತೆಳುವಾದ ಪೊರೆಗಳಲ್ಲಿ ಸೋಜಿಗ ಇನ್ನೂ ಹೆಚ್ಚು. ಕಬ್ಬಿಣ, ಸಿಲಿಕಾನ್‌ಗಳ ಪರಮಾಣುಗಳು ಸಮಸಮನಾಗಿ ಕೂಡಿದ ಸಾಧಾರಣ ಹರಳನ್ನು ಅಯಸ್ಕಾಂತ ಮಾಡಲಾಗದು. ಕಬ್ಬಿಣದ ಪಾಲು ಮೂರರಲ್ಲಿ ಎರಡರಷ್ಟಿರುವ ಪೊರೆಗಳಲ್ಲಾದರೋ, ಅದೇ ಮಿಶ್ರಣದ ಹರಳಿಗಿಂತ ಹರಳಿಲ್ಲದ ರೂಪದಲ್ಲೇ ಕಾಂತತೆ ಅಧಿಕವೆಂದು 2010ರ ದಶಕದ ಸಂಶೋಧನೆಗಳು ತೋರಿಸಿದವು. ಪರಮಾಣುವಿನ ಗುಣವನ್ನು ಅದರ ಜಾತಿಯಷ್ಟೇ ಅಲ್ಲ, ನೆರೆಹೊರೆಯೂ ನಿರ್ಧರಿಸುತ್ತದೆ. ಎಲ್ಲ ಪರಮಾಣುಗಳೂ ಸಾಲಾಗಿ ನಿಂತರೇ ಲೋಹ ಉತ್ತಮವೆಂಬ ಹಳೆಯ ನಂಬಿಕೆ ಹೀಗೆ ಸಡಿಲಿತು. ಶಿವನಸಮುದ್ರದಿಂದ ಬಂದ ಬೆಳಕಿನಲ್ಲಿ ಸೋರಿಹೋಗುತ್ತಿದ್ದ ಪಾಲನ್ನು ಉಳಿಸುವ ದಾರಿಗಳಲ್ಲೊಂದು ಆ ಸಡಿಲಿಕೆಯಿಂದಲೇ ತೆರೆಯಿತೆಂಬುದು ನನಗೆ ಈ ಚರಿತ್ರೆಯ ಅತ್ಯಂತ ಹೃದ್ಯವಾದ ಭಾಗ.