ಫೌಜಿನಿಂದ ಊರ ಆಸ್ಪತ್ರೆಗೆ: ಕರಾವಳಿ ಆಂಧ್ರದ ಯುದ್ಧವೈದ್ಯರು

1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸುಭಾಷ್‌ಚಂದ್ರ ಬೋಸರು ಘೋಷಿಸಿದ ಆಜಾದ್ ಹಿಂದ್ ಸರ್ಕಾರದ ಸದಸ್ಯರಲ್ಲಿ ಮೂವರು ವೈದ್ಯರಿದ್ದರು. ಮಹಿಳಾ ವ್ಯವಹಾರ ನೋಡಿಕೊಂಡ ಕ್ಯಾಪ್ಟನ್ ಲಕ್ಷ್ಮಿ, ಹಣಕಾಸಿನ ಹೊಣೆ ಹೊತ್ತ ಲೆಫ್ಟಿನೆಂಟ್ ಕರ್ನಲ್ ಎ.ಸಿ. ಚಟರ್ಜಿ, ಸೇನೆಯ ಪ್ರತಿನಿಧಿಗಳಲ್ಲಿ ಒಬ್ಬರಾದ ಎ.ಡಿ. ಲೋಗನಾದನ್. ಎರಡು ತಿಂಗಳ ಬಳಿಕ, ಡಿಸೆಂಬರ್ 29ರಂದು, ಬೋಸರು ಅಂಡಮಾನಿಗೆ ಬಂದಿಳಿದಾಗ ಅವರ ಖಾಸಗಿ ವೈದ್ಯರಾಗಿ ಜೊತೆಯಲ್ಲಿದ್ದವರು ಕರ್ನಲ್ ಡಿ.ಎಸ್. ರಾಜು. ಇಂದಿನ ಪಶ್ಚಿಮ ಗೋದಾವರಿ ಜಿಲ್ಲೆಯ ಪೋಡೂರಿನಲ್ಲಿ 1904ರಲ್ಲಿ ಹುಟ್ಟಿದ ದಾಟ್ಲ ಸತ್ಯನಾರಾಯಣ ರಾಜು ಇವರೇ. ಮರುದಿನ ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿದ್ದು ಪಠ್ಯಪುಸ್ತಕಗಳಲ್ಲಿದೆ. ಆ ಗುಂಪಿನಲ್ಲಿದ್ದ ವೈದ್ಯನ ಮುಂದಿನ ಮೂರು ದಶಕಗಳ ಬದುಕನ್ನು ಮಾತ್ರ ಇತಿಹಾಸಕಾರರು ಚೂರು ಚೂರಾಗಿ ನೋಡಿದ್ದಾರೆ. ಒಬ್ಬರಿಗೆ ಅವರು ಸೈನಿಕ, ಇನ್ನೊಬ್ಬರಿಗೆ ಸಂಸದ. ಈ ಎರಡನ್ನೂ ಬೆಸೆದದ್ದು ಅವರ ವೈದ್ಯವೃತ್ತಿ ಎಂಬುದು ಈ ಲೇಖನದ ವಾದ.

ರಾಜು ಅವರ ತಲೆಮಾರಿನ ತೆಲುಗು ವೈದ್ಯರನ್ನು ಅರಿಯಲು ವಿಶಾಖಪಟ್ಟಣವನ್ನು ನೋಡಬೇಕು. 1923ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು, ಕಿಂಗ್ ಜಾರ್ಜ್ ಆಸ್ಪತ್ರೆಯೂ ಅದೇ ವರ್ಷ ತೆರೆಯಿತು. ಮುಂದೆ ಆ ಕಾಲೇಜೇ ಆಂಧ್ರ ಮೆಡಿಕಲ್ ಕಾಲೇಜು ಎಂದು ಹೆಸರಾಯಿತು. ಅದಕ್ಕೂ ಮೊದಲು ಎಂ.ಬಿ.ಬಿ.ಎಸ್. ಓದಲು ಮದ್ರಾಸಿಗೇ ಹೋಗಬೇಕಾಗಿದ್ದ ತೆಲುಗು ಜಿಲ್ಲೆಗಳಿಗೆ ಇದು ದೊಡ್ಡ ಆಸರೆ. ಈ ಊರಿನ ಬೆನ್ನಿಗೆ ಮಲೇರಿಯಾದ ಬೆಟ್ಟಸೀಮೆ ಇತ್ತು. ಆಗ ವಿಶಾಖಪಟ್ಟಣ ಜಿಲ್ಲೆಗೇ ಸೇರಿದ್ದ ಜೇಪುರ ಬೆಟ್ಟಗಳ ಮಲೇರಿಯಾ ಕುರಿತ ಅಧ್ಯಯನ 1914ರಲ್ಲಿಯೇ ಪ್ರಕಟವಾಗಿತ್ತು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದಾಗ, ದೂರದಲ್ಲಿದ್ದ ಯುದ್ಧ ಈ ಕರಾವಳಿಯ ಮನೆಬಾಗಿಲಿಗೇ ಬಂತು.

ಬೋಸರ ಆಜಾದ್ ಹಿಂದ್ ಫೌಜು (ಐ.ಎನ್.ಎ.) ಜಪಾನಿ ಪಡೆಯೊಂದಿಗೆ ಕೈಗೊಂಡ ಇಂಫಾಲ ದಂಡಯಾತ್ರೆಯ ನಿಜವಾದ ಕಥೆ ರೋಗದ್ದು. 1944ರ ಮಾರ್ಚಿನಲ್ಲಿ ಶುರುವಾದ ಮುನ್ನುಗ್ಗುವಿಕೆ ಜುಲೈ ಹೊತ್ತಿಗೆ ಮುಗ್ಗರಿಸಿತು. ಮಳೆ ಹಿಡಿಯಿತು, ದಾರಿಗಳು ಕೊಚ್ಚಿಹೋದವು, ಅಕ್ಕಿ ಬರಲಿಲ್ಲ. ಗುಂಡಿಗಿಂತ ಮಲೇರಿಯಾ, ಆಮಶಂಕೆ, ಹಸಿವುಗಳು ಫೌಜನ್ನು ಹೆಚ್ಚು ಕೊಂದವು. ಇಲ್ಲೊಂದು ಕಹಿ ಸಂಗತಿಯಿದೆ. 1942ರಲ್ಲಿ ಜಾವಾ ಕೈವಶವಾದಾಗ ಮಲೇರಿಯಾದ ಮದ್ದಾದ ಕ್ವಿನೈನಿನ ಬಹುಪಾಲು ಜಪಾನಿನ ಹಿಡಿತಕ್ಕೆ ಬಂದಿತ್ತು. ಆದರೂ ಜಪಾನಿನ ಜೊತೆಗೂಡಿ ಹೋರಾಡಿದ ಭಾರತೀಯ ಸಿಪಾಯಿಗೆ ಅದು ಸಾಕಷ್ಟು ಸಿಗಲಿಲ್ಲ. ಎದುರು ಪಾಳೆಯದಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಪ್ರತಿ ಸೈನಿಕನೂ ಮಲೇರಿಯಾ ತಡೆಯುವ ಮೆಪಾಕ್ರಿನ್ ಗುಳಿಗೆ ನುಂಗಲೇಬೇಕೆಂದು ಕಟ್ಟುನಿಟ್ಟು ಮಾಡಿದರು. ಈ ವಿಷಯದಲ್ಲಿ ಸಡಿಲಬಿಟ್ಟ ಕಮಾಂಡರುಗಳನ್ನು ಹುದ್ದೆಯಿಂದ ತೆಗೆದರು. ಔಷಧ ಇದ್ದರೆ ಸಾಲದು, ಅದು ಕೊನೆಯ ಮನುಷ್ಯನ ಬಾಯಿಗೆ ಬೀಳಬೇಕು. ಸಮುದಾಯ ವೈದ್ಯಶಾಸ್ತ್ರದ ಮೊದಲ ಪಾಠ ಇದೇ, ಬರ್ಮಾದ ಕಾಡು ಅದನ್ನು ಎರಡೂ ಕಡೆಯವರಿಗೆ ಕಲಿಸಿತು. ಮೇಮ್ಯೊದ ಐ.ಎನ್.ಎ. ಆಸ್ಪತ್ರೆಯಲ್ಲಿ ಫೌಜಿನ ಮಹಿಳಾ ದಳವಾದ ಝಾನ್ಸಿ ರಾಣಿ ಪಡೆಯ ಹುಡುಗಿಯರು ದಾದಿಯರಾಗಿ ದುಡಿದದ್ದು ಈ ಹಿಮ್ಮೆಟ್ಟುವಿಕೆಯ ದಿನಗಳಲ್ಲೇ.

ಯುದ್ಧ ಮುಗಿದಾಗ ಫೌಜಿನ ವೈದ್ಯರಿಗೆ ಮರಳಲು ಸೇನೆಯೇ ಇರಲಿಲ್ಲ. ಐ.ಎನ್.ಎ. ಅಧಿಕಾರಿಗಳ ಮೇಲೆ ಕೆಂಪುಕೋಟೆಯಲ್ಲಿ ನಡೆದ ವಿಚಾರಣೆ ಜನರನ್ನು ಬಡಿದೆಬ್ಬಿಸಿತು, ನಿಜ. ಆದರೆ ಸ್ವತಂತ್ರ ಭಾರತವೂ ಐ.ಎನ್.ಎ. ಅಧಿಕಾರಿಗಳನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಇದು ಆ ಕಾಲದ ದೊಡ್ಡ ಅನ್ಯಾಯಗಳಲ್ಲೊಂದು. ಅದರ ಫಲ ಮಾತ್ರ ಊರುಗಳಿಗೆ ಸಿಕ್ಕಿತು. ಕ್ಯಾಪ್ಟನ್ ಲಕ್ಷ್ಮಿ, ಅಂದರೆ ಮುಂದಿನ ಲಕ್ಷ್ಮಿ ಸೆಹಗಲ್, ಕಾನ್ಪುರದಲ್ಲಿ ನೆಲೆಸಿ ಬಡ ಬಸುರಿ ಬಾಣಂತಿಯರನ್ನು ದಶಕಗಳ ಕಾಲ ನೋಡಿಕೊಂಡರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಕ್ಕೂ 1984ರಲ್ಲಿ ಭೋಪಾಲಕ್ಕೂ ವೈದ್ಯರಾಗಿಯೇ ಓಡಿದರು, ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡಿದರು. ರಾಜು ಗೋದಾವರಿ ಸೀಮೆಗೆ ಮರಳಿ, 1957ರಿಂದ ಸತತ ಮೂರು ಬಾರಿ ರಾಜಮಂಡ್ರಿಯಿಂದ ಲೋಕಸಭೆಗೆ ಆಯ್ಕೆಯಾದರು, ಕೇಂದ್ರದಲ್ಲಿ ಉಪಮಂತ್ರಿಯೂ ಆದರು. ಅದಕ್ಕಿಂತ ಬಾಳಿಕೆಯ ಕೆಲಸ ಕಾಕಿನಾಡದಲ್ಲಿ ನಡೆಯಿತು. ಡಾ. ಎಂ.ವಿ. ಕೃಷ್ಣರಾವ್ ಅವರೊಂದಿಗೆ ಸೇರಿ ಅವರು ಕಟ್ಟಿದ ಶಿಕ್ಷಣ ಸಂಘದಿಂದ 1958ರಲ್ಲಿ ರಂಗರಾಯ ಮೆಡಿಕಲ್ ಕಾಲೇಜು ಹುಟ್ಟಿತು. ಮೂವತ್ತೈದು ವರ್ಷ ಹಿಂದೆ ವಿಶಾಖಪಟ್ಟಣದಲ್ಲಿ ಸರ್ಕಾರ ಮಾಡಿದ್ದನ್ನು ಇಲ್ಲಿ ಊರವರ ದೇಣಿಗೆ ಮಾಡಿತು.

ಅದೇ 1957ರ ಚುನಾವಣೆಯಲ್ಲಿ ವಿಜಯವಾಡದಿಂದ ಗೆದ್ದವರೂ ವೈದ್ಯರೇ: ಡಾ. ಕೊಮರ್ರಾಜು ಅಚ್ಚಮಾಂಬ. ವಿದ್ವಾಂಸ ಕೊಮರ್ರಾಜು ಲಕ್ಷ್ಮಣರಾಯರ ಮಗಳು. ರಣರಂಗ ಕಂಡವರಲ್ಲ, ಆದರೂ ಅವರನ್ನು ಇಲ್ಲಿ ಬಿಡಲಾಗದು. ವಿಜಯವಾಡದಲ್ಲಿ ಹೆರಿಗೆ ವೈದ್ಯೆಯಾಗಿ ಹೆಸರಾದ ಅವರು ‘ಪ್ರಸೂತಿ–ಶಿಶುಪೋಷಣ’ ಎಂಬ ಪುಸ್ತಕವನ್ನು ತೆಲುಗಿನಲ್ಲೇ ಬರೆದರು. ವೈದ್ಯರ ಕೈಗೆ ಸಿಗದ ಹೆಂಗಸಿನ ಕೈಗೆ ಪುಸ್ತಕವಾದರೂ ಸಿಗಲಿ ಎಂಬ ಕಾಳಜಿ ಅದರಲ್ಲಿದೆ. ಕೃಷ್ಣಾ, ಗೋದಾವರಿ ತೀರದ ಎರಡು ಕ್ಷೇತ್ರಗಳು ಒಂದೇ ಸಲ ವೈದ್ಯರನ್ನು ದೆಹಲಿಗೆ ಕಳಿಸಿದ್ದು ಕೇವಲ ಆಕಸ್ಮಿಕವೆಂದು ನನಗನಿಸುವುದಿಲ್ಲ. ರೋಗಿಯ ನಂಬಿಕೆ ಮತವಾಗಿ ಬದಲಾದ ಕಾಲ ಅದು.

ಆ ನಂಬಿಕೆಗೆ ಕಾರಣ ವೈದ್ಯರ ಬರಗಾಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ, ಆರೋಗ್ಯ ಸಮೀಕ್ಷೆಯ ಭೋರ್ ಸಮಿತಿಯ ಲೆಕ್ಕದಲ್ಲಿ ಬ್ರಿಟಿಷ್ ಭಾರತದಲ್ಲಿದ್ದ ನೋಂದಾಯಿತ ವೈದ್ಯರು ಸುಮಾರು 47,500, ಅಂದರೆ 6,300 ಜನಕ್ಕೆ ಒಬ್ಬರು. ಅವರಲ್ಲೂ ಸುಮಾರು 30,000 ಮಂದಿ ಪದವಿಗಿಂತ ಕಿರಿದಾದ, ಎಲ್‌.ಎಂ.ಪಿ.ಯಂಥ ಲೈಸೆನ್ಷಿಯೇಟ್ ವಿದ್ಯೆಯವರು. ಅವರ ಶಾಲೆಗಳನ್ನು ಮುಚ್ಚಿ ಪದವೀಧರರನ್ನು ಮಾತ್ರ ತಯಾರಿಸಬೇಕೆಂದು ಸಮಿತಿ ಹೇಳಿತು. ಪ್ರತಿ ವಿದ್ಯಾರ್ಥಿಗೂ ಮೂರು ತಿಂಗಳು ಸಾಮಾಜಿಕ ವೈದ್ಯಶಾಸ್ತ್ರ ಕಲಿಸಬೇಕೆಂದಿತು. ಎರಡನೆಯ ಮಾತು ಒಳ್ಳೆಯದು. ಮೊದಲನೆಯದು ಹಳ್ಳಿಗೆ ನಷ್ಟ ತಂದಿತು, ಏಕೆಂದರೆ ಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡು ಕೂರುತ್ತಿದ್ದವರು ಎಲ್‌.ಎಂ.ಪಿ. ಡಾಕ್ಟರರೇ. ಆ ಜಾಗವನ್ನು ಒಂದಷ್ಟು ಕಾಲ ತುಂಬಿದವರಲ್ಲಿ ಯುದ್ಧದಿಂದ ಮರಳಿದ ವೈದ್ಯರೂ ಸೇರಿದ್ದಾರೆ.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ತಂದು ಐ.ಎನ್.ಎ. ಸೈನಿಕರನ್ನೂ ಸೇರಿಸಿತು. ರಾಷ್ಟ್ರೀಯ ಪತ್ರಾಗಾರ 2016ರ ಜನವರಿ 23ರಂದು ನೂರು ನೇತಾಜಿ ಕಡತಗಳನ್ನು ತೆರೆಯಿತು. ಆ ಕಡತಗಳ ಸುತ್ತ ಎದ್ದ ಚರ್ಚೆಯೆಲ್ಲ ನೇತಾಜಿಯವರ ಸಾವಿನ ಸುತ್ತಲೇ ತಿರುಗಿತು. ಫೌಜಿನ ವೈದ್ಯಶಾಖೆ ಹೇಗೆ ನಡೆಯಿತು, ಅದರ ವೈದ್ಯರು ಯಾವ ಊರಿಗೆ ಮರಳಿ ಏನು ಕಟ್ಟಿದರು ಎಂಬ ಪ್ರಶ್ನೆ ಅಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ. ಕನ್ನಡ ನಾಡಿನ ಎಷ್ಟೋ ಮನೆಗಳಿಂದಲೂ ವೈದ್ಯರು ಬರ್ಮಾ, ಮಲಯಾ ರಂಗಗಳಿಗೆ ಹೋಗಿದ್ದರು. ಅವರ ಸೇವಾ ಪುಸ್ತಕ, ಪತ್ರ, ಚೀಟಿಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ತಲುಪಿಸಿ.