ಸಿನಿಮಾವನ್ನೇ ಮೀರಿಸಿದ ದೇವದುರ್ಗ

ಕಾಮಿಡಿ ಸಿನಿಮಾಕ್ಕೆ ಸರ್ಕಾರ ಹೆದರುತ್ತಾ? ಹೆದರಿದ ಕಾಲ ಇತ್ತು ವೀಕ್ಷಕರೇ. 1975ರಲ್ಲಿ ಅಮೃತ್ ನಹಾಟಾ ‘ಕಿಸ್ಸಾ ಕುರ್ಸಿ ಕಾ’ ಎಂಬ ಹಿಂದಿ ಚಿತ್ರ ತೆಗೆದರು. ಕುರ್ಚಿಗಾಗಿ ನಡೆಯುವ ನಾಟಕವೇ ಕಥೆ. ನಹಾಟಾ ಸ್ವತಃ ಕಾಂಗ್ರೆಸ್ ಸಂಸದ. ಆದ್ರೂ ತುರ್ತು ಪರಿಸ್ಥಿತಿಯಲ್ಲಿ ಚಿತ್ರವನ್ನು ಜಪ್ತಿ ಮಾಡಿ ಸುಟ್ಟೇ ಬಿಟ್ಟರು. ಅದೆಲ್ಲ ಮುಗಿದ ಮೇಲೆ ಅವರು ಅದನ್ನು ಮತ್ತೊಮ್ಮೆ ತೆಗೆಯಬೇಕಾಯಿತು. ಅದರಲ್ಲಿ ಶಬಾನಾ ಆಜ್ಮಿ ಪಾತ್ರದ ಹೆಸರು ಜನತಾ. ಆಕೆಗೆ ಮಾತು ಬರೋದಿಲ್ಲ!

ಈಗ ಸುಡುವ ಶ್ರಮ ಯಾರಿಗೂ ಬೇಕಿಲ್ಲ. 2018ರ ಜನವರಿಯಲ್ಲಿ ದಾನಿಶ್ ಸೇಠ್ ಅವರ ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ ಬಂತು. ಶಾಸಕನಾಗೋಕೆ ಏನು ಬೇಕಾದ್ರೂ ಮಾಡುವ ಕಾರ್ಪೊರೇಟರ್ ಕಥೆ. ನಕ್ಕೆವು, ಮನೆಗೆ ಹೋದೆವು. ನಾಲ್ಕೇ ತಿಂಗಳಲ್ಲಿ ಅತಂತ್ರ ವಿಧಾನಸಭೆ, ಶಾಸಕರು ರೆಸಾರ್ಟಿಗೆ!

ಮುಂದಿನ ದೃಶ್ಯ ನಮ್ಮ ರಾಯಚೂರು ಜಿಲ್ಲೆಯದ್ದು. 2019ರ ಫೆಬ್ರವರಿ 8, ಬಜೆಟ್ ದಿನ. ಮುಖ್ಯಮಂತ್ರಿ ಕುಮಾರಸ್ವಾಮಿ ಒಂದು ಆಡಿಯೋ ಬಿಟ್ಟರು. ಗುರುಮಠಕಲ್ ಶಾಸಕರ ಮಗನನ್ನು ದೇವದುರ್ಗದ ಐಬಿಗೆ ಕರೆಸಿ ಯಡಿಯೂರಪ್ಪ ಆಮಿಷ ಒಡ್ಡಿದರು ಅನ್ನೋದು ಆರೋಪ. ಯಡಿಯೂರಪ್ಪ ಮೊದಲು ಅದು ನಕಲಿ ಅಂದರು. ಆಮೇಲೆ ಭೇಟಿಯಾಗಿದ್ದು ನಿಜ, ಆದರೆ ಮಾತನ್ನು ಕತ್ತರಿಸಿ ಜೋಡಿಸಿದ್ದಾರೆ ಅಂದರು.

ಅವತ್ತು ರಾತ್ರಿ ನಾನೂ ಸ್ಟುಡಿಯೋದಲ್ಲಿ ಆ ಆಡಿಯೋಗೆ ಕಾಮಿಡಿ ಮ್ಯೂಸಿಕ್ ಹಾಕಿಸಿ ನಗಿಸಿದೆ. ಶೋ ಮುಗಿಯುತ್ತಲೇ ಮಾನ್ವಿಯಿಂದ ಕಾಕಾ ಫೋನ್ ಮಾಡಿದರು. “ತಮ್ಮಾ, ಚಲೋ ನಗಿಸ್ದಿ. ದೇವದುರ್ಗ ಅಂದ್ರ ಐಬಿ ಒಂದಾ ಏನು? ಕಾಲುವಿ ಕೊನಿ ಭಾಗಕ್ಕ ನೀರು ಬಂದಿಲ್ಲ. ಅದನ್ನೂ ಒಂದೀಟು ತೋರ್ಸಪಾ.”

ಉತ್ತರ ಹೊಳೀಲಿಲ್ಲ. ರಾಯಚೂರಲ್ಲಿ ಎಂಜಿನಿಯರಿಂಗ್ ಓದುವಾಗ ಫೀಡ್‌ಬ್ಯಾಕ್ ಅಂತ ಒಂದು ಪಾಠ ಇತ್ತು. ಹೊರಬಂದದ್ದು ತಿರುಗಿ ಒಳಹೋಗಿ ಯಂತ್ರವನ್ನು ಸರಿ ಮಾಡಬೇಕು. ವಿಡಂಬನೆಯ ಕೆಲಸವೂ ಅದೇ. ನಕ್ಕು ಮರೆತರೆ ಅದು ಬರೀ ಸದ್ದು. 2022ರಲ್ಲಿ ನೊಗ್ರಾಜ್ ವೆಬ್ ಸರಣಿಯಾಗಿ ಮತ್ತೆ ಬಂದ. ಈ ಸಲದ ಕಥೆ ಏನು? ಅತಂತ್ರ ವಿಧಾನಸಭೆ, ರೆಸಾರ್ಟು! ಸಿನಿಮಾದೋರೇ ನಮ್ಮನ್ನು ನೋಡಿ ಕಥೆ ಬರೆಯೋ ಹಾಗಾಯ್ತು.

ಹಾಗಂತ ನಮ್ಮ ಜನ ಮೂಕರಾ? ಇದೇ ಜಿಲ್ಲೆಯ ಮಸ್ಕಿ ನೋಡಿ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲ್ ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು ಸೋಲಿಸಿದ್ದು ಬರೀ 213 ಮತಗಳಿಂದ. ಆಮೇಲೆ ಪ್ರತಾಪಗೌಡರು ಬಿಜೆಪಿಗೆ, ತುರ್ವಿಹಾಳರು ಕಾಂಗ್ರೆಸ್‌ಗೆ! ಯಾವ ಕಾಮಿಡಿ ಬರಹಗಾರನಿಗೆ ಹೊಳೆದೀತು ಇದು? 2021ರ ಉಪಚುನಾವಣೆಯಲ್ಲಿ ಮತದಾರ ಪಕ್ಷ ಬಿಟ್ಟುಹೋದ ಶಾಸಕರನ್ನು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಮನೆಗೆ ಕಳಿಸಿದ.

ಸಿನಿಮಾದ ಜನತಾ ಮೂಕಿ. ಮಸ್ಕಿಯ ಜನತೆ ಅಲ್ಲ. ಕಾಕಾ ಕೇಳಿದ ನೀರಿನ ಸುದ್ದಿ ತೋರಿಸದೆ ಮೂಕರಾಗಿದ್ದು ನಾವು, ಟಿವಿಯವರು.